ಏಳು ವರ್ಷದ ನಿಯಮ

ಕುಲಾವಿ ಹಾಕಿಸಿಕೊಳ್ಳುವ ದಿನ ಹೊಟ್ಟೆ ಖಾಲಿ ಇರಬೇಕೆಂದು ಲೆಕ್ಕಪರಿಶೋಧಕರ ಮಂಡಲಿಯವರು ಚೀಟಿಯಲ್ಲಿ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ್ದರು. ಸಿಂಚನಾ ಮುನವಳ್ಳಿ ಎರಡು ಇಡ್ಲಿ ತಿಂದು, ಒಂದು ಲೋಟ ಚಹಾ ಕುಡಿದೇ ಹೊರಟಳು. ಒಂಬತ್ತು ವರ್ಷದಲ್ಲಿ ಹದಿನೆಂಟು ಸಲ ಹಾಕಿಸಿಕೊಂಡವಳಿಗೆ ಇಡ್ಲಿಗೂ ಮಿದುಳಿಗೂ ಜಗಳವಿಲ್ಲವೆಂದು ಯಾವಾಗಲೋ ಗೊತ್ತಾಗಿತ್ತು. ವಯಸ್ಸು ಐವತ್ತೊಂಬತ್ತು. ಮದುವೆಯಾಗಿರಲಿಲ್ಲ. ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಎರಡು ಕೋಣೆಯ ಮನೆ; ಒಂದರಲ್ಲಿ ಅವಳ ಸಂಸಾರ, ಇನ್ನೊಂದರಲ್ಲಿ ಅವಳ ಲೆಕ್ಕ ತಪಾಸಣೆಯ ಕಚೇರಿ. ಸಂಸಾರವೆಂದರೆ ಒಂದು ಕುಕ್ಕರು, ಒಂದು ಮಂಚ, ಎದುರಿಗೆ ಯಾರೂ ಕೂರದ ಒಂದು ಊಟದ ಮೇಜು.

ಕುಲಾವಿಯ ಸರ್ಕಾರಿ ಹೆಸರು ಜ್ಞಾನ ನವೀಕರಣ ಶಿರಸ್ತ್ರಾಣ. ಅಷ್ಟುದ್ದದ ಹೆಸರು ಹುಬ್ಬಳ್ಳಿಯ ನಾಲಿಗೆಗೆ ಒಗ್ಗಲಿಲ್ಲ. ಕೂಸಿಗೆ ಹಾಕುವ ಟೊಪ್ಪಿಗೆಯ ಹಾಗೆ ಕಿವಿ ಮುಚ್ಚಿ ಗದ್ದದ ಕೆಳಗೆ ಕಟ್ಟುವ ವಸ್ತುವಾದ್ದರಿಂದ ಜನ ಅದನ್ನು ಕುಲಾವಿ ಎಂದರು. ಕಡೆಗೆ ಮಂಡಲಿಯ ಗುಮಾಸ್ತರೂ ಹಾಗೇ ಅನ್ನತೊಡಗಿದರು.

ಲೆಕ್ಕಪರಿಶೋಧಕರ ಪರೀಕ್ಷೆ ಪಾಸಾಗುವುದೇನೋ ಆಗುತ್ತದೆ, ಆದರೆ ನಿಯಮಗಳು ಪಾಸಾದವರಿಗಾಗಿ ನಿಂತು ಕಾಯುವುದಿಲ್ಲ. ತಿಂಗಳಿಗೊಂದು ತಿದ್ದುಪಡಿ, ತಿದ್ದುಪಡಿಗೊಂದು ವಿವರಣೆ, ವಿವರಣೆಗೆ ಮತ್ತೊಂದು ತಿದ್ದುಪಡಿ. ಮೊದಲೆಲ್ಲ ವರ್ಷಕ್ಕೆ ಇಷ್ಟು ಗಂಟೆ ಉಪನ್ಯಾಸ ಕೇಳಬೇಕೆಂಬ ಕಟ್ಟಳೆ ಇತ್ತು. ಬಂದವರು ರಿಜಿಸ್ಟರಿನಲ್ಲಿ ಸಹಿ ಹಾಕಿ, ಹಿಂದಿನ ಸಾಲಿನಲ್ಲಿ ತೂಕಡಿಸಿ, ಊಟಕ್ಕೆ ಹೋಳಿಗೆ ಇದೆಯೋ ಇಲ್ಲವೋ ವಿಚಾರಿಸಿ, ಕೈ ತೊಳೆದ ಮೇಲೆ ಮಾಯವಾಗುತ್ತಿದ್ದರು. ಹಳೆಯ ನಿಯಮ ಹಿಡಿದು ಸಹಿ ಮಾಡಿದ ಲೆಕ್ಕಗಳಿಂದ ದೊಡ್ಡ ದೊಡ್ಡ ಸಂಸ್ಥೆಗಳೇ ಮುಗ್ಗರಿಸಿದಾಗ ಮಂಡಲಿ ಕುಲಾವಿಯನ್ನು ತಂದಿತು. ಆರು ತಿಂಗಳಿಗೊಮ್ಮೆ ಹಾಕಿಸಿಕೊಳ್ಳದವರ ಹೆಸರು ಪಟ್ಟಿಯಿಂದ ಹೋಗುತ್ತದೆ. ಹೆಸರು ಹೋದವರ ಸಹಿಗೆ ಮೂರು ಕಾಸಿನ ಕಿಮ್ಮತ್ತಿಲ್ಲ.

ಅದು ಕೆಲಸ ಮಾಡುವ ರೀತಿ ಸರಳ. ಯಾವುದೇ ನೆನಪನ್ನು ನೆನಪಿಸಿಕೊಂಡಾಗ ಅದು ಅರ್ಧ ಮುಕ್ಕಾಲು ಗಂಟೆ ಹಸಿಯಾಗಿರುತ್ತದೆ, ಆಮೇಲೆ ಮತ್ತೆ ಗಟ್ಟಿಯಾಗುತ್ತದೆ. ಹಸಿಯಾಗಿದ್ದಾಗ ಅದನ್ನು ನಾದಿದ ಹಿಟ್ಟಿನಂತೆ ಹೇಗೆ ಬೇಕಾದರೂ ತಟ್ಟಬಹುದು. ಕುಲಾವಿ ಮೊದಲು ಹಳೆಯ ನಿಯಮವನ್ನು ನೆನಪಿಗೆ ತರಿಸುತ್ತದೆ, ಅದು ಹಸಿಯಾದ ಕೂಡಲೇ ಹೊಸ ನಿಯಮವನ್ನು ಒತ್ತುತ್ತದೆ. ತೊಂದರೆ ಒಂದೇ. ನಿಯಮ ಎಂದೂ ಒಂಟಿಯಾಗಿ ಬರುವುದಿಲ್ಲ. ಮೊದಲ ಸಲ ಅದನ್ನು ಯಾರ ಬಾಯಿಂದ ಕೇಳಿದ್ದೆವೋ, ಎಲ್ಲಿ ಕೂತಿದ್ದೆವೋ, ಅದೂ ಜೊತೆಗೇ ಎದ್ದು ಬರುತ್ತದೆ, ಒತ್ತುವಾಗ ಅದೇ ಅಳಿಸಿಹೋಗುತ್ತದೆ. ಪರದೆಯ ಮುಂದೆ ಕೂತು ಓದಿದವರು ಒಂದು ಪರದೆ ಕಳೆದುಕೊಂಡರು, ಅವರಿಗೇನೂ ಅನಿಸಲಿಲ್ಲ. ಮನುಷ್ಯರ ಬಾಯಿಂದ ಕಲಿತವರು ಮನುಷ್ಯರನ್ನು ಕಳೆದುಕೊಂಡರು. ಸಿಂಚನಾ ಕಲಿತದ್ದೆಲ್ಲ ಒಬ್ಬನೇ ಮನುಷ್ಯನ ಬಾಯಿಂದ. ನಾಲ್ಕನೆಯ ಕುಲಾವಿಯ ಹೊತ್ತಿಗೆ ಅವಳು ಇದನ್ನು ತಿಳಿದು ಮಂಡಲಿಗೆ ದೂರು ಬರೆದಳು. ವೈಜ್ಞಾನಿಕವಾಗಿ ಸಾಬೀತಾಗಿಲ್ಲ ಎಂದು ಉತ್ತರ ಬಂತು.

ನವೀಕರಣ ಕೇಂದ್ರದಲ್ಲಿ ಕುಲಾವಿ ಕಟ್ಟುವ ತಂತ್ರಜ್ಞೆಯ ಹೆಸರು ಗಂಗವ್ವ. ಇಪ್ಪತ್ತಾರರ ಹುಡುಗಿ. ಮುತ್ತಜ್ಜಿಯರ ಹೆಸರುಗಳು ಮತ್ತೆ ಫ್ಯಾಶನ್ನಾದ ಕಾಲ ಅದು. ಸಿಂಚನಾ, ಆರಾಧ್ಯಾ ಎಂಬ ಹೆಸರು ಕೇಳಿದರೆ ಕೋಲು ಹಿಡಿದ ಮುದುಕಿಯರು ಕಣ್ಣ ಮುಂದೆ ಬರುತ್ತಿದ್ದರು. ಗಂಗವ್ವ ಕುಲಾವಿ ಕಟ್ಟಿ ಹತ್ತು ನಿಮಿಷ ಯಂತ್ರದ ಪರದೆ ನೋಡಿದಳು, ಹುಬ್ಬು ಗಂಟಿಕ್ಕಿದಳು, ಮತ್ತೆ ಬಿಚ್ಚಿದಳು.

"ಮೇಡಂ, ನಿಮ್ಮ ತಲ್ಯಾಗ ಒಂದು ನಿಯಮ ಐತ್ರಿ. ಅದು ಯಾವ ಪುಸ್ತಕದಾಗೂ ಇಲ್ಲ."

"ತಿದ್ದುಪಡಿ ಆಗಿರಬೇಕು."

"ಇಲ್ರಿ, ಹಳೇದೂ ಅಲ್ಲ ಹೊಸಾದೂ ಅಲ್ಲ. ನೂರು ವರ್ಷದ ಪುಸ್ತಕ ಎಲ್ಲಾ ತಾಳಿ ನೋಡೇತಿ ಯಂತ್ರ. ಇಷ್ಟು ದಿನ ಬದಲಾದ ನಿಯಮ ಅಷ್ಟ ನೋಡ್ತಿತ್ತು. ಈ ಸಲದ ಕುಲಾವಿ ಇಡೀ ತಲಿ ನೋಡ್ತೈತಿ, ಅದಕ್ಕ ಸಿಕ್ತು. ಓದ್ಲೇನ್ರಿ? 'ಕಳೆದುಹೋದ ವಸ್ತುವನ್ನು ಲೆಕ್ಕದಿಂದ ತೆಗೆಯುವ ಮುನ್ನ ಏಳು ವರ್ಷ ಒಂದು ರೂಪಾಯಿ ಬೆಲೆಯಲ್ಲಿ ಇಟ್ಟುಕೊಂಡಿರಬೇಕು.' ಇದನ್ನ ಯಾರು ಕಲಿಸಿದ್ರಿ ನಿಮಗ?"

ಯಾರು ಎಂದು ಸಿಂಚನಾಳಿಗೆ ಆ ಕ್ಷಣವೇ ಗೊತ್ತಾಗಿತ್ತು. ಆದರೆ ಅದು ಸುಳ್ಳು ಎಂದು ಗೊತ್ತಾಗಲು ಮೂವತ್ನಾಲ್ಕು ವರ್ಷ ಹಿಡಿದಿತ್ತು.

"ಇವತ್ತು ತಗೀಬ್ಯಾಡ," ಎಂದಳು.

"ತಗೀದಿದ್ರ ನಾ ಪ್ರಮಾಣಪತ್ರ ಕೊಡಾಕ ಬರಂಗಿಲ್ರಿ. ಎಂಟು ದಿನ ಗಡುವು ಹಾಕ್ತೀನಿ, ಅಷ್ಟ ನನ್ನ ಕೈಯಾಗ ಇರೂದು." ಗಂಗವ್ವ ಧ್ವನಿ ತಗ್ಗಿಸಿದಳು. "ಒಂದು ಮಾತು ಮೇಡಂ. ಅದನ್ನ ಸುಮ್ನ ನೆನಸ್ಕೋತ ಕೂಡಬ್ಯಾಡ್ರಿ. ಕುಲಾವಿ ಇರಲಿ ಬಿಡಲಿ, ನೆನಸಿದಾಗೆಲ್ಲ ನೆನಪು ಹಸಿ ಆಗತೈತಿ. ಆಗ ಕಣ್ಣಮುಂದ ಏನಿರತೈತೋ ಅದು ಹತ್ತಿಕೊಂಡ ಬಿಡತೈತಿ."

ಮರುದಿನ ಅವಳು ಕಡಕ್ ರೊಟ್ಟಿ ಮಹಿಳಾ ಸಂಘದ ದಾಸ್ತಾನು ತಪಾಸಣೆಗೆ ಹೋಗಬೇಕಿತ್ತು. ನಲವತ್ತು ಹೆಂಗಸರು ಸಾಲಾಗಿ ಕೂತು ಪಟಪಟ ರೊಟ್ಟಿ ಬಡಿಯುವ ಜಾಗ. ಇಂಥ ಹನ್ನೊಂದು ಸಂಘಗಳ ಲೆಕ್ಕ ಅವಳ ಕೈಯಲ್ಲಿತ್ತು. ವರ್ಷವಿಡೀ ಅವಳೊಡನೆ ಮಾತಾಡುವವರು, ಊಟ ಆತೇನ್ರಿ ಎಂದು ಕೇಳುವವರು ಈ ಹೆಂಗಸರೇ. ಪ್ರಮಾಣಪತ್ರ ಹೋದರೆ ಇವರೂ ಹೋದಂತೆ, ಏಕೆಂದರೆ ಲೆಕ್ಕವಿಲ್ಲದೆ ಅವಳನ್ನು ಕರೆಯಲು ಯಾರಿಗೂ ಕಾರಣವಿರಲಿಲ್ಲ.

ಸಂಘದ ಅಧ್ಯಕ್ಷೆ ಆರಾಧ್ಯಾ ಎಪ್ಪತ್ತು ದಾಟಿದವಳು. ದಾಸ್ತಾನು ಪಟ್ಟಿಯ ಕೊನೆಯ ಹಾಳೆ ಬಂದಾಗ ಎದ್ದು ಸೆರಗು ಸಿಕ್ಕಿಸಿದಳು. ಕಳೆದುಹೋದ ಸಾಮಾನಿನ ಹಾಳೆ ಅದು. ಒಂದು ತಕ್ಕಡಿ, ಹಿಟ್ಟು ನಾದುವ ಎರಡು ಕೊಣಮಿಗೆ, ಒಂದು ಹಂಚು, ಎಲ್ಲಕ್ಕೂ ಎದುರಿಗೆ ಒಂದೊಂದು ರೂಪಾಯಿ. ಪಟ್ಟಿಯಲ್ಲಿ ಇದೆ ಎಂದ ಮೇಲೆ ಹುಡುಕಲೇಬೇಕಲ್ಲ. ಹಾಗಾಗಿ ಪ್ರತಿ ವರ್ಷ ಇದೇ ದಿನ ಹೆಂಗಸರೆಲ್ಲ ಅಟ್ಟ ಹತ್ತಿ, ಗೋಣಿಚೀಲ ಕೊಡವಿ, ನೆರೆಯವರ ಹಿತ್ತಲನ್ನೂ ಬಿಡದೆ ಜಾಲಾಡುತ್ತಿದ್ದರು. ಬೇರೆ ಲೆಕ್ಕಪರಿಶೋಧಕರು ನೋಡುವ ಯಾವ ಸಂಘದಲ್ಲೂ ಈ ಹುಡುಕಾಟ ಇರಲಿಲ್ಲ. ಸಿಂಚನಾ ಅದನ್ನು ಉಳಿದವರ ಸೋಮಾರಿತನ ಎಂದುಕೊಂಡಿದ್ದಳು.

"ಬಾಯಾರ, ತಕ್ಕಡಿ ಸಿಕ್ತ ನೋಡ್ರಿ," ಎಂದು ಆರಾಧ್ಯಾ ಹಿಟ್ಟಿನ ಕೈಯಲ್ಲೇ ಬಂದಳು. "ಐದು ವರ್ಷ ಆಗಿತ್ತು. ಗಿರಣಿ ಹಿಂದ ಬಿದ್ದಿತ್ತು. ನೀವು ಬರದಿಟ್ಟಿದ್ದಕ್ಕ ಸಿಕ್ತು. ಇಲ್ಲಂದ್ರ ಹ್ವಾದದ್ದು ಹೋತು ಅಂತ ಬಿಟ್ಟ ಬಿಡ್ತಿದ್ವಿ."

ಸಿಂಚನಾ ಆ ಹಾಳೆಗೆ ಸಹಿ ಮಾಡಲಿಲ್ಲ. ಮುಂದಿನ ವಾರ ಮಾಡುತ್ತೇನೆಂದು ಹೇಳಿ, ಅವರು ಕಟ್ಟಿಕೊಟ್ಟ ರೊಟ್ಟಿಯ ಕಟ್ಟು ಹಿಡಿದು ಮನೆಗೆ ಬಂದಳು.

ಸುಳ್ಳು ಹೇಳಿದವನ ಹೆಸರು ತೇಜಸ್ ಜಾಲಿಹಾಳ. ಇಬ್ಬರೂ ಒಂದೇ ಕಚೇರಿಯಲ್ಲಿ ಕೆಲಸ ಕಲಿತವರು. ಲೆಕ್ಕ ತಾಳೆ ನೋಡುವಾಗ ಒಬ್ಬರು ಚೀಟಿಗಳ ಅಂಕಿ ಕೂಗುವುದು, ಇನ್ನೊಬ್ಬರು ಪುಸ್ತಕದಲ್ಲಿ ಪೆನ್ಸಿಲಿನಿಂದ ಗುರುತು ಹಾಕುವುದು ಅಲ್ಲಿಯ ಪದ್ಧತಿ. ತೇಜಸ್ ಕೂಗುವವನು, ಅವಳು ಗುರುತು ಹಾಕುವವಳು. ಕೂಗುವವನ ಲಯಕ್ಕೆ ತಲೆದೂಗುತ್ತ ಕಣ್ಣು ಮುಚ್ಚಿ ಗುರುತು ಹಾಕುವ ಚಾಳಿ ಎಲ್ಲರಿಗೂ ಹತ್ತುತ್ತದೆ. ಅದಕ್ಕೆಂದೇ ಆ ಕಚೇರಿಯಲ್ಲಿ ಒಂದು ಉಪಾಯವಿತ್ತು. ಕೂಗುವವರು ನಡುನಡುವೆ ಬೇಕೆಂದೇ ಒಂದು ಅಂಕಿ ತಪ್ಪು ಕೂಗಬೇಕು, ಎಚ್ಚರ ಇದ್ದವರು ತಡೆಯಬೇಕು.

ಕೊನೆಯ ಪರೀಕ್ಷೆಗೆ ಓದುವಾಗ ತೇಜಸ್ ಇದೇ ಆಟ ತಂದ. ದಿನಾ ಸಂಜೆ ಕಚೇರಿಯ ಮಾಳಿಗೆಯ ಮೇಲೆ ಕೂತು ನಿಯಮಗಳನ್ನು ಗಟ್ಟಿಯಾಗಿ ಓದುತ್ತಿದ್ದ. ದಿನಕ್ಕೊಂದು ಸುಳ್ಳು ಸೇರಿಸುತ್ತಿದ್ದ. ಅವಳು ಹಿಡಿದರೆ ಅವನು ಮಂಡಕ್ಕಿಯ ಗಿರಮಿಟ್ ಕೊಡಿಸಬೇಕು, ಹಿಡಿಯದಿದ್ದರೆ ಅವಳು. ಎರಡು ವರ್ಷ ಹೀಗೆ ಓದಿದರು. ಪ್ರೀತಿಯ ಮಾತು ಇಬ್ಬರೂ ಆಡಲಿಲ್ಲ. ಪಾಸಾದ ಮೇಲೆ ಆಡಿದರಾಯಿತು ಎಂದು ಇಬ್ಬರಿಗೂ ಇತ್ತು, ಅವಳಿಗಂತೂ ಇತ್ತು.

ಪರೀಕ್ಷೆಯ ಹಿಂದಿನ ಸಂಜೆ ಅವಳು ಎಲ್ಲಿಯೂ ತಡೆಯಲಿಲ್ಲ. ಪುಸ್ತಕ ಮುಚ್ಚಿ ತೇಜಸ್ ನಕ್ಕ. "ಇವತ್ತ ನೀ ಸೋತಿ. ಯಾವುದು ಅಂತ ರಿಸಲ್ಟ್ ದಿನ ಹೇಳ್ತೀನಿ." ಅವಳು ಮನೆಗೆ ಹೋಗಿ ಪುಸ್ತಕವನ್ನೆಲ್ಲ ತಿರುವಿ ಹಾಕಿದಳು. ಸಿಗಲಿಲ್ಲ. ಪುಸ್ತಕದಲ್ಲಿದ್ದ ಸಾಲನ್ನು ಅವನು ತಿರುಚಿರಲಿಲ್ಲ, ಇಲ್ಲದ ಸಾಲೊಂದನ್ನು ಸೇರಿಸಿದ್ದ. ಇಲ್ಲದ್ದನ್ನು ಪುಸ್ತಕದಲ್ಲಿ ಹುಡುಕುವುದಾದರೂ ಹೇಗೆ? ಕಾಡಿಸಲು ಹಾಗೆಂದಿದ್ದಾನೆ, ಸುಳ್ಳೇ ಇರಲಿಲ್ಲ ಎಂದುಕೊಂಡಳು. ಫಲಿತಾಂಶ ಬಂತು. ಅವಳು ಪಾಸಾದಳು, ಅವನು ಫೇಲಾದ. ಆ ದಿನ ಅವನು ಕಚೇರಿಗೆ ಬರಲಿಲ್ಲ, ಆಮೇಲೆಯೂ ಬರಲಿಲ್ಲ. ಕೋಣೆ ಖಾಲಿ ಮಾಡಿದ್ದ, ಫೋನ್ ನಂಬರು ಬದಲಾಗಿತ್ತು.

ಕುಲಾವಿ ಮಾಳಿಗೆಯ ಸಂಜೆಗಳನ್ನು ಒಂದೊಂದಾಗಿ ತೆಗೆದುಕೊಂಡು ಹೋಗಿತ್ತು. ಸವಕಳಿಯ ನಿಯಮ ನೆನೆದರೆ ಈಗ ನಿಯಮವೊಂದೇ ಬರುತ್ತಿತ್ತು. ಅವನೊಬ್ಬ ಇದ್ದ, ಆಟವೊಂದು ಇತ್ತು ಎಂಬುದು ಯಾರೋ ಹೇಳಿದ ಸಂಗತಿಯಂತೆ ಗೊತ್ತಿತ್ತು, ಅಷ್ಟೆ. ಆ ಕೊನೆಯ ಸಂಜೆ ಮಾತ್ರ ಧ್ವನಿಯ ಸಮೇತ ಉಳಿದಿತ್ತು. ಇಪ್ಪತ್ತೈದರ ತೇಜಸನ ತೆಳ್ಳನೆಯ, ಪುಟದ ಕೊನೆಗೆ ಬಂದಾಗ ಅವಸರವಾಗುವ ಧ್ವನಿ. ಹೇಗೆ ಉಳಿಯಿತು ಎಂದು ಅವಳಿಗೆ ಈಗ ತಿಳಿಯಿತು. ಅದು ನಿಯಮವೇ ಅಲ್ಲದ್ದರಿಂದ ಯಾವ ತಿದ್ದುಪಡಿಯೂ ಅದನ್ನು ಮುಟ್ಟಿರಲಿಲ್ಲ.

ಇನ್ನೊಂದು ಸಂಗತಿಯೂ ಅಂದು ತಿಳಿಯಿತು. ಅದು ಮೊದಲನೆಯದಕ್ಕಿಂತ ಕೆಟ್ಟದ್ದು.

ತೇಜಸ್ ಹೋದ ಮೇಲೆ ಅವಳು ಪ್ರತಿ ಆರು ತಿಂಗಳಿಗೊಮ್ಮೆ ಪಾಸಾದವರ ಪಟ್ಟಿಯಲ್ಲಿ ಅವನ ಹೆಸರು ಹುಡುಕಿದ್ದಳು. ಎಲ್ಲಿದ್ದರೂ ಪರೀಕ್ಷೆ ಬಿಡುವವನಲ್ಲ, ಪಾಸಾದರೆ ವಿಳಾಸ ಸಿಕ್ಕೇ ಸಿಗುತ್ತದೆ. ಹದಿನಾಲ್ಕು ಪಟ್ಟಿ ನೋಡಿದಳು. ಏಳು ವರ್ಷವಾದಾಗ ನಿಲ್ಲಿಸಿದಳು. ಕಳೆದುಹೋದದ್ದಕ್ಕೆ ಏಳು ವರ್ಷ ಎಂಬುದು ಅವಳ ಮಟ್ಟಿಗೆ ಕಾನೂನು. ಕಾನೂನು ಪೂರೈಸಿತು, ಇನ್ನು ಕಾಯುವುದು ಹುಚ್ಚುತನ ಎಂದು ಗಟ್ಟಿ ಮನಸ್ಸು ಮಾಡಿದ್ದಳು. ಅಂದು ಮಧ್ಯಾಹ್ನ ಮೇಜಿನ ಮುಂದೆ ಕೂತು, ಆರಾಧ್ಯಾ ಕೊಟ್ಟ ರೊಟ್ಟಿ ಮುರಿಯುತ್ತ, ಮಂಡಲಿಯ ಹಳೆಯ ಪಟ್ಟಿಗಳನ್ನು ಪರದೆಯ ಮೇಲೆ ತರಿಸಿದಳು. ಹದಿನೈದನೆಯ ಪಟ್ಟಿಯಲ್ಲಿ ತೇಜಸ್ ಜಾಲಿಹಾಳ ಇದ್ದ. ವಿಳಾಸ ಗದಗ.

ಗದಗ ಅಂದರೆ ಈಗ ಇಪ್ಪತ್ತು ನಿಮಿಷದ ರೈಲು. ಅವಳು ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಯಲ್ಲಿಟ್ಟಳು. ಇನ್ನೊಂದು ಪಟ್ಟಿ ನೋಡಿದ್ದರೆ ಆಗುತ್ತಿತ್ತು. ಒಂದೇ ಒಂದು.

ನಾಲ್ಕನೆಯ ದಿನ ಗದಗಕ್ಕೆ ಹೋದಳು. ಹೇಳಬೇಕಾದದ್ದು ಒಂದೇ ಮಾತು: ನಿನ್ನ ಸುಳ್ಳು ಹಿಡಿದೆ. ಮಿಕ್ಕಿದ್ದನ್ನು ಅವನು ನಗುತ್ತಾನೋ ಅಳುತ್ತಾನೋ ನೋಡಿ ಹೇಳಿದರಾಯಿತು.

ಬಾಗಿಲು ತೆರೆದವನ ತಲೆ ಪೂರ್ತಿ ಬೆಳ್ಳಗಾಗಿತ್ತು. ಆದರೆ ಹುಬ್ಬು ಅವನದೇ. ಅವಳು ಹೆಸರು ಹೇಳಿ ಕಾದಳು. ಅವನು ಕೈ ಮುಗಿದ.

"ಬರ್ರಿ ಬರ್ರಿ. ಹುಬ್ಬಳ್ಳಿಯಿಂದ ಬಂದೀರಿ? ನಿಮ್ಮ ಹೆಸರು ಮಂಡಲಿ ಪಟ್ಟಿಯೊಳಗ ನೋಡಿದ ನೆನಪದ." ಧ್ವನಿ ಒರಟಾಗಿತ್ತು. ಗಂಟಲೊಳಗೆ ಮರಳು ಸಿಕ್ಕಿಕೊಂಡವನ ಹಾಗೆ ಎರಡು ಮಾತಿಗೊಮ್ಮೆ ಕೆಮ್ಮುತ್ತಿದ್ದ. ಒಳಗೆ ತಿರುಗಿ ಎರಡು ಕಪ್ ಚಹಾ ಎಂದು ಕೂಗಿದ. ಗೋಡೆಯ ಮೇಲೆ ಹೆಂಡತಿ ಮಕ್ಕಳ ಚಿತ್ರವಿತ್ತು, ಅದರ ಪಕ್ಕ ಅವನ ನವೀಕರಣದ ಪ್ರಮಾಣಪತ್ರ. ಹದಿನೆಂಟು ಮುದ್ರೆಗಳು, ಒಂದೂ ತಪ್ಪಿರಲಿಲ್ಲ.

ಸಿಂಚನಾ ಆ ಮುದ್ರೆಗಳನ್ನು ನೋಡಿದಳು, ಅವಳಿಗೆ ಎಲ್ಲ ಅರ್ಥವಾಯಿತು. ಅವನೂ ಅದೇ ಮಾಳಿಗೆಯ ಮೇಲೆ ಕಲಿತವನು; ಕುಲಾವಿ ಅವನ ತಲೆಯಿಂದ ಅವಳನ್ನು ಪೂರ್ತಿ ಅಳಿಸಿತ್ತು.

"ನೀವು ಹುಬ್ಬಳ್ಳಿಯಾಗ ಕೆಲಸ ಕಲತವರಂತ ಕೇಳಿದ್ದೆ," ಎಂದಳು.

"ಹೌದ್ರಿ. ಕಚೇರಿ ನೆನಪದ, ಹಸಿರು ಬಾಗಿಲ. ಯಾರ್ಯಾರು ಇದ್ರು ಅಂತ ಕೇಳಿದ್ರ ಮಾತ್ರ ಬರಂಗಿಲ್ರಿ. ನಮ್ಮಾಕಿ ಬೈತಾಳ, ಲೆಕ್ಕ ಒಂದ ಬಿಟ್ಟು ಏನೂ ನೆನಪಿಲ್ಲ ನಿಮಗ ಅಂತ." ಅವನು ನಕ್ಕ, ನಕ್ಕು ಕೆಮ್ಮಿದ. "ಏನಾರ ಕೆಲಸ ಇತ್ತೇನ್ರಿ?"

"ಒಂದು ಸಂದೇಹ ಕೇಳೂದಿತ್ತು. ಕಳದಹೋದ ವಸ್ತು ಲೆಕ್ಕದಿಂದ ಯಾವಾಗ ತಗೀಬೇಕು?"

"ಕಳದದ ಅಂತ ಗೊತ್ತಾದ ವರ್ಷನ. ಅದರಾಗ ಸಂದೇಹ ಏನದ್ರಿ?"

"ಏಳು ವರ್ಷ ಇಟ್ಕೋಬೇಕು ಅಂತ ಒಬ್ಬರು ಹೇಳಿದ್ರು. ಒಂದು ರೂಪಾಯಿಗೆ."

ಅವನ ಕಣ್ಣಲ್ಲಿ ಏನಾದರೂ ಮಿನುಗುತ್ತದೆಯೋ ಎಂದು ಅವಳು ನೋಡುತ್ತಲೇ ಇದ್ದಳು. ಅವನು ತಲೆಯಲ್ಲಾಡಿಸಿದ. "ಯಾರ್ರಿ ಅವರು? ಭಾಳ ಹುಡುಗಾಟದ ಮನಷಾ ಇರಬೇಕು."

"ಹೌದ್ರಿ," ಎಂದಳು ಸಿಂಚನಾ. "ಹಂಗ ಇದ್ದ."

ಚಹಾ ಬಂತು. ಕುಡಿದಳು. ಹೊಸ ತಿದ್ದುಪಡಿಗಳ ಬಗ್ಗೆ ಹತ್ತು ನಿಮಿಷ ಮಾತಾಡಿದರು. ಅವನು ಎಲ್ಲವನ್ನೂ ಸರಿಯಾಗಿ ಹೇಳಿದ, ಒಂದೂ ಸುಳ್ಳು ಸೇರಿಸಲಿಲ್ಲ. ಬಾಗಿಲವರೆಗೆ ಬಂದು ಬೀಳ್ಕೊಟ್ಟ.

ರೈಲಿನಲ್ಲಿ ಅವಳಿಗೆ ಅಳು ಬರಲಿಲ್ಲ, ಭಯವಾಯಿತು. ಇಷ್ಟು ವರ್ಷ ಆ ಸಂಜೆ ಇಬ್ಬರ ತಲೆಯಲ್ಲಿದೆ, ಅವನು ಎಲ್ಲೋ ಕೂತು ಒಮ್ಮೊಮ್ಮೆ ನೆನೆಯುತ್ತಾನೆ ಎಂಬ ನಂಬಿಕೆಯಲ್ಲಿ ಅವಳು ಬದುಕಿದ್ದಳು. ಈಗ ಅದು ಒಬ್ಬಳ ತಲೆಯಲ್ಲಿ ಮಾತ್ರ ಇದೆ. ಅದನ್ನೂ ಕೊಟ್ಟುಬಿಟ್ಟರೆ ಆ ಸಂಜೆ ಜಗತ್ತಿನಲ್ಲಿ ನಡೆದೇ ಇಲ್ಲ ಎಂದಾಗುತ್ತದೆ. ಕೊಡದಿದ್ದರೆ ಹನ್ನೊಂದು ಸಂಘ, ನೂರಾರು ಹೆಂಗಸರು, ಮೂವತ್ನಾಲ್ಕು ವರ್ಷದ ಕಸುಬು, ಎಲ್ಲ ಹೋಗುತ್ತದೆ. ಯಾವ ಕಡೆ ಹೋದರೂ ಒಂಟಿತನವೇ. ಯಾವ ಒಂಟಿತನ ಎಂದು ಆರಿಸಿಕೊಳ್ಳುವುದಷ್ಟೇ ಉಳಿದಿತ್ತು.

ಎಂಟನೆಯ ದಿನ ಗಂಗವ್ವ ಕುಲಾವಿ ಹಿಡಿದು ನಿಂತಿದ್ದಳು. ಸಿಂಚನಾ ಕುರ್ಚಿಯಲ್ಲಿ ಕೂರಲಿಲ್ಲ. ಪಟ್ಟಿಯಿಂದ ಹೆಸರು ತೆಗೆಸುವ ಅರ್ಜಿ ಕೇಳಿದಳು.

"ಮೇಡಂ, ವಿಚಾರ ಮಾಡ್ರಿ. ಒಂದು ಸಾಲು ಐತಿ ಅದು. ಹತ್ತು ನಿಮಿಷದ ಕೆಲಸ."

"ವಿಚಾರ ಮಾಡೇನಿ ಗಂಗವ್ವ."

"ಕಾರಣ ಏನಂತ ಬರೀಲ್ರಿ? ಇದರಾಗ ಮೂರ ಅದಾವ. ವಯಸ್ಸು, ಅನಾರೋಗ್ಯ, ಬೇರೆ ಉದ್ಯೋಗ."

"ತಪ್ಪು ನಿಯಮ ಬಿಡಾಕ ಮನಸಿಲ್ಲ ಅಂತ ಬರಿ."

ಗಂಗವ್ವ ಅವಳ ಮುಖವನ್ನೇ ನೋಡಿದಳು. ಆಮೇಲೆ ವಯಸ್ಸು ಎಂಬುದರ ಎದುರಿಗೆ ಗುರುತು ಹಾಕಿದಳು. ಸಿಂಚನಾ ಆಕ್ಷೇಪಿಸಲಿಲ್ಲ, ಸಹಿ ಮಾಡಿದಳು. ರೊಟ್ಟಿ ಸಂಘಕ್ಕೆ ಹೊಸ ಲೆಕ್ಕಪರಿಶೋಧಕ ಬಂದ, ಚುರುಕಿನವನು. ಕಳೆದುಹೋದ ಸಾಮಾನಿನ ಹಾಳೆಯನ್ನು ಮೊದಲ ದಿನವೇ ತೆಗೆದುಹಾಕಿದನಂತೆ. ಆರಾಧ್ಯಾ ಫೋನ್ ಮಾಡಿ ಇದನ್ನು ಹೇಳಿ, "ನೀವು ಅರಾಮ ಇದ್ದೀರಿಲ್ರಿ ಬಾಯಾರ?" ಎಂದು ಕೇಳಿದಳು. ಅದಾದ ಮೇಲೆ ಅವಳ ಫೋನೂ ಬರಲಿಲ್ಲ.

ಗಂಗವ್ವನ ಎಚ್ಚರಿಕೆ ನೆನಪಿತ್ತು. ಹಾಗಾಗಿ ಸಿಂಚನಾ ಎರಡು ತಿಂಗಳು ಆ ಸಂಜೆಯನ್ನು ಮುಟ್ಟಲೇ ಇಲ್ಲ. ತಡೆಯಲಾಗದೆ ಒಂದು ಮಧ್ಯಾಹ್ನ, ಚಹಾ ಆರುತ್ತಿದ್ದಾಗ, ಮೇಜಿನ ಮುಂದೆ ಕೂತು ಕಣ್ಣು ಮುಚ್ಚಿದಳು. ಮಾಳಿಗೆ ಬಂತು. ಕಾಗದದ ಪೊಟ್ಟಣದಲ್ಲಿ ಗಿರಮಿಟ್, ಹಸಿ ಈರುಳ್ಳಿಯ ವಾಸನೆ, ಬಿಸಿಲಿಗೆ ಕಾದ ಕಟ್ಟೆ, ಪುಸ್ತಕ ಹಿಡಿದು ಕೂತ ತೇಜಸ್. ಎಲ್ಲ ಹಾಗೇ ಇತ್ತು. ಅವನು ಬಾಯಿ ತೆರೆದ.

ಬಂದದ್ದು ಗದಗದ ಧ್ವನಿ. ಮರಳು ಸಿಕ್ಕಿದ ಗಂಟಲು, ಎರಡು ಮಾತಿಗೊಂದು ಕೆಮ್ಮು.

ಅವಳು ಕಣ್ಣು ತೆರೆದಳು, ಮತ್ತೆ ಮುಚ್ಚಿದಳು. ಈ ಸಲ ಅವನ ತಲೆಯೂ ಬೆಳ್ಳಗಾಗಿತ್ತು. ಆ ದಿನ ಅವನ ಎದುರಿಗೆ ಕೂತು ನಿಯಮದ ಮಾತೆತ್ತಿದಾಗಲೇ ಆ ಸಂಜೆ ಅವಳ ತಲೆಯಲ್ಲಿ ಹಸಿಯಾಗಿತ್ತು, ಕಣ್ಣ ಮುಂದೆ ಇದ್ದವನು ಅದಕ್ಕೆ ಹತ್ತಿಕೊಂಡಿದ್ದ. ಆ ಸಂಜೆಯನ್ನು ಉಳಿಸಿಕೊಳ್ಳಲೆಂದು ಕಸುಬು ಬಿಟ್ಟಿದ್ದಳು, ಆದರೆ ಬಿಡುವ ನಾಲ್ಕು ದಿನ ಮೊದಲೇ ತಾನೇ ರೈಲು ಹತ್ತಿ ಹೋಗಿ ಅದನ್ನು ಕಳೆದುಕೊಂಡು ಬಂದಿದ್ದಳು. ಯಾರ ಮೇಲೂ ಹೊರಿಸುವಂತಿರಲಿಲ್ಲ. ಸಿಂಚನಾ ಮೇಜಿಗೆ ಹಣೆ ಹಚ್ಚಿ ಅತ್ತಳು. ಚಹಾ ಕೆನೆಗಟ್ಟುವವರೆಗೂ ಅತ್ತಳು.

ಅಳು ಮುಗಿದ ಮೇಲೆ ಮುಖ ತೊಳೆದು ಬಂದು ಮತ್ತೆ ಕೂತಳು. ಇನ್ನು ಹೆದರಿ ಕಾಯುವಂಥದ್ದು ಏನಿತ್ತು? ಕಣ್ಣು ಮುಚ್ಚಿದಳು. ಬಿಳಿ ತಲೆಯವನು ಮಾಳಿಗೆಯ ಮೇಲೆ ಪುಸ್ತಕ ಹಿಡಿದು ಕೂತಿದ್ದ. ಅವಳು ತನ್ನ ಕೈ ನೋಡಿಕೊಂಡಳು, ಪೆನ್ಸಿಲ್ ಹಿಡಿದ ಆ ಕೈಯೂ ಸುಕ್ಕುಗಟ್ಟಿತ್ತು. ಹೊರಗೆ ಯಾವ ಮನೆಯಲ್ಲೂ ಅವರಿಬ್ಬರಿಗೆ ಆಗದ್ದು ಅಲ್ಲಿ ಆಗಿತ್ತು, ಇಬ್ಬರಿಗೂ ಒಟ್ಟಿಗೆ ವಯಸ್ಸಾಗಿತ್ತು. ಅವನು ಕೆಮ್ಮಿ, ಕಳೆದುಹೋದ ವಸ್ತುವಿನ ಸಾಲಿಗೆ ಬಂದು, ಏಳು ವರ್ಷ ಎಂದು ಓದಿದ. ಸುಳ್ಳೆಂದು ಗೊತ್ತಿದ್ದೂ ಅವಳು ತಡೆಯಲಿಲ್ಲ, ಓದಲಿ ಎಂದು ಕೇಳುತ್ತ ಕೂತಳು.